ದರದ ಜಗಳ

ತವರುಮನೆಯ ಜಗಳಗಳನ್ನು ಹೆಂಗಸರು ಬರೆಯಬಾರದೆಂಬ ಅಲಿಖಿತ ನಿಯಮವೊಂದು ನಮ್ಮಲ್ಲಿದೆ. ಬರೆದರೂ ಅದು ಆಸ್ತಿಯ ಜಗಳವೋ, ಅತ್ತಿಗೆ-ನಾದಿನಿಯರ ಜಗಳವೋ ಆಗಿರುತ್ತದೆಂದು ಓದುವವರು ಮೊದಲೇ ಊಹಿಸಿಬಿಡುತ್ತಾರೆ. ಕರಿಕೆಯ ನಮ್ಮ ಮನೆಯಲ್ಲಿ ಅವೆರಡೂ ಇರಲೇ ಇಲ್ಲವೆಂದರೆ ಸುಳ್ಳಾದೀತು. ಆದರೆ ನಾಲ್ಕು ಜನ ಸೇರಿದರೆ ಸಾಕು, ಉಂಡ ಕೈ ಒಣಗುವ ತನಕ ನಡೆಯುತ್ತಿದ್ದುದು ಮಾತ್ರ ಒಂದೇ ಜಗಳ, ದರದ ಜಗಳ. ರಬ್ಬರಿಗೆ ಎಷ್ಟು, ಅಡಕೆಗೆ ಎಷ್ಟು, ಒಳ್ಳೆಮೆಣಸಿಗೆ ಎಷ್ಟು? ಆ 'ಎಷ್ಟು' ಎಂಬುದನ್ನು ನಿಶ್ಚಯಿಸಬೇಕಾದವರು ಯಾರು, ಸರಕಾರವೋ, ಸಾಹುಕಾರನೋ? ಈ ಜಗಳದಲ್ಲಿ ನಮ್ಮ ಮನೆಯವರು ಒಬ್ಬರ ಜೊತೆ ಒಬ್ಬರು ಮಾತು ಬಿಟ್ಟದ್ದೂ ಉಂಟು.

ಕರಿಕೆಯನ್ನು ಕಾಣದವರಿಗಾಗಿ ಎರಡು ಮಾತು. ಕೊಡಗು ಎಂದೊಡನೆ ನಿಮ್ಮ ಕಣ್ಣಿಗೆ ಮಡಿಕೇರಿಯ ಮಂಜು, ಕಾಫಿ ಹೂವಿನ ಬಿಳುಪು, ಕಿತ್ತಳೆ ಹಣ್ಣು ಕಟ್ಟುತ್ತದೆ. ನಮ್ಮೂರು ಆ ಚಿತ್ರಕ್ಕೆ ಹೊಂದುವುದಿಲ್ಲ. ಭಾಗಮಂಡಲದಿಂದ ಕಾಡಿನ ನಡುವೆ ಸುತ್ತಿ ಸುತ್ತಿ ಇಳಿಯುವ ರಸ್ತೆ ಮುಗಿಯುವಲ್ಲಿ, ಘಟ್ಟದ ಕಾಲಬುಡದಲ್ಲಿ, ಕೇರಳದ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತ ಊರು ಅದು. ಸೆಕೆ, ಜಿಗಣೆ, ತೆಂಗು, ಅಡಕೆ, ರಬ್ಬರು. ತಾಲೂಕು ಕಚೇರಿ ಮಡಿಕೇರಿಯಲ್ಲಿ, ಪೇಟೆ ಮಾತ್ರ ಗಡಿಯಾಚೆಯ ಪಾಣತ್ತೂರಿನಲ್ಲಿ. ಪಕ್ಕದ ಸುಳ್ಯಕ್ಕೆ ಹೋಗಬೇಕೆಂದರೂ ಪಾಣತ್ತೂರು, ಕಲ್ಲಪಳ್ಳಿಗಳ ಮೇಲೆ ಕೇರಳದ ಮಣ್ಣು ತುಳಿದೇ ಹೋಗಬೇಕು. ಮನೆಯ ಮಾತು ಅರೆಭಾಷೆ, ಶಾಲೆಯ ಮಾತು ಕನ್ನಡ, ವ್ಯಾಪಾರದ ಮಾತು ಮಲಯಾಳ. ದುಡ್ಡಿನ ಲೆಕ್ಕ ಹೇಳುವಾಗ ನನ್ನ ಅಣ್ಣ ಈಗಲೂ ತನಗರಿವಿಲ್ಲದೆ ಮಲಯಾಳಕ್ಕೆ ಹೊರಳುತ್ತಾನೆ.

ಅಪ್ಪ 'ಪೂಲ್' ಕಾಲದ ಮನುಷ್ಯ. ಮೇಲಿನ ಬರೆಯಲ್ಲಿ ನಮಗೆ ಒಂದಿಷ್ಟು ರೋಬಸ್ಟಾ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿಯನ್ನು ಕೇಳುವವರೇ ಇಲ್ಲದಂತಾದಾಗ ಬಂದದ್ದು ೧೯೪೨ರ ಕಾಫಿ ಕಾಯಿದೆ. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕು, ಮಂಡಳಿ ಅದನ್ನು ಹರಾಜು ಹಾಕಿ ಮಾರಿ ಬೆಳೆಗಾರನಿಗೆ ಕಂತು ಕಂತಾಗಿ ಹಣ ಕೊಡಬೇಕು. ಯುದ್ಧ ಮುಗಿದು, ಸ್ವಾತಂತ್ರ್ಯ ಬಂದು, ನಾವು ಮಕ್ಕಳು ಹುಟ್ಟಿ ಶಾಲೆ ಮುಗಿಸಿದರೂ ಆ ಏರ್ಪಾಡು ಹಾಗೆಯೇ ಇತ್ತು. ಈ ವರ್ಷ ಕೊಟ್ಟ ಕಾಫಿಯ ಕೊನೆಯ ಕಂತು ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿರುತ್ತಿರಲಿಲ್ಲ. ಅಪ್ಪನಿಗೆ ಅದರಿಂದ ಬೇಸರವಿರಲಿಲ್ಲ. "ತಡವಾದರೂ ಬರುತ್ತದೆ" ಎನ್ನುವುದು ಅವರ ಅರ್ಥಶಾಸ್ತ್ರ. ಅವ್ವ ಮಾತ್ರ, ಕಂತು ಬರುವ ತನಕ ಅಂಗಡಿಯವನು ಅಕ್ಕಿ ಕಡ ಕೊಡುತ್ತಾನೆ ನಿಜ, ಆದರೆ ಕಡದ ಅಕ್ಕಿಗೆ ಕಲ್ಲು ಜಾಸ್ತಿ, ಎನ್ನುತ್ತಿದ್ದಳು.

ಅಣ್ಣ ಸುಳ್ಯದಲ್ಲಿ ಬಿ.ಕಾಂ. ಮುಗಿಸಿ ತೋಟಕ್ಕೆ ಇಳಿದ ಮೇಲೆ ಮನೆಯಲ್ಲಿ ವಿರೋಧ ಪಕ್ಷವೊಂದು ಹುಟ್ಟಿತು. ಅವನ ಕಾಲ ಬೇರೆ. ೧೯೯೧ರಲ್ಲಿ ದೇಶದ ಕೈಯಲ್ಲಿ ವಿದೇಶಿ ಹಣ ಬರಿದಾಗಿ, ರಿಸರ್ವ್ ಬ್ಯಾಂಕಿನ ೪೭ ಟನ್ನಿನಷ್ಟು ಚಿನ್ನವನ್ನು ಇಂಗ್ಲೆಂಡಿಗೆ ಕಳುಹಿಸಿ ಅಡವಿಟ್ಟು ಸಾಲ ತಂದರು. ಜುಲೈ ತಿಂಗಳಲ್ಲಿ ಎರಡು ಸಲ ರೂಪಾಯಿಯ ಬೆಲೆ ಇಳಿಸಿದರು. ನರಸಿಂಹರಾಯರು ಪ್ರಧಾನಿ, ಮನಮೋಹನ ಸಿಂಗರು ಹಣಕಾಸು ಮಂತ್ರಿ. ಅಣ್ಣ ಪೇಪರಿನಿಂದ ಓದಿ ಹೇಳಿದಾಗ ಅವ್ವ ಒರಳಿನ ಮುಂದಿನಿಂದ ಕೇಳಿದ್ದು ಎರಡೇ ಪ್ರಶ್ನೆ: "ಸರಕಾರವೂ ಬಳೆ ಅಡವಿಡುತ್ತದಾ? ಬಡ್ಡಿ ಎಷ್ಟಂತೆ?" ಅವಳ ಎರಡು ಬಳೆಗಳು ಆಗ ಅಕ್ಕನ ಮದುವೆಯ ಲೆಕ್ಕದಲ್ಲಿ ಅಡವಿಗೆ ಹೋಗಿ ಮೂರು ವರ್ಷವಾಗಿತ್ತು. ದೇಶದ ಕಷ್ಟ ಅವಳಿಗೆ ಆ ದಿನ ಚೆನ್ನಾಗಿ ಅರ್ಥವಾಯಿತೆಂದು ನನ್ನ ನಂಬಿಕೆ.

ಪೂಲ್ ಒಡೆಯಬೇಕು, ನಮ್ಮ ಕಾಫಿಯನ್ನು ನಮಗೆ ಬೇಕಾದವರಿಗೆ ಮಾರುತ್ತೇವೆ ಎಂದು ಬೆಳೆಗಾರರ ಸಭೆಗಳಲ್ಲಿ ಕೂಗೆದ್ದದ್ದು ಆ ವರ್ಷಗಳಲ್ಲೇ. ೧೯೯೨ರ ನಂತರ ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಬಂದು ೧೯೯೬ಕ್ಕೆ ಪೂರ್ತಿ ಬಿಟ್ಟರು. ಅಪ್ಪ ಇದನ್ನು ಮನೆ ಒಡೆದಷ್ಟು ದುಃಖದಿಂದ ನೋಡಿದರು. ಆದರೆ ನಡುವೆ ೧೯೯೪ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟುಹೋದವು. ಇಲ್ಲಿ ದರ ನೆಗೆಯಿತು. ಕಂತಿಗೆ ಕಾಯದೆ ನೋಟಿನ ಕಟ್ಟು ತಂದು ಅಪ್ಪನ ಮುಂದೆ ಇಟ್ಟ ಅಣ್ಣ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು, ಆ ಮೌನ ಅಪ್ಪನಿಗೆ ಹೆಚ್ಚು ಚುಚ್ಚಿತು. ಅವ್ವನ ಬಳೆಗಳು ಬಿಡುಗಡೆಯಾಗಿ ಬಂದದ್ದು ಆ ದುಡ್ಡಿನಲ್ಲಿ.

ಆದರೆ ಕರಿಕೆಯಲ್ಲಿ ಕಾಫಿ ಮಲಮಗ. ಮನೆ ನಡೆಸುತ್ತಿದ್ದುದು ಅಡಕೆ ಮತ್ತು ರಬ್ಬರು. ಎಂಬತ್ತರ ದಶಕದ ಮೊದಲಲ್ಲಿ ರಬ್ಬರ್ ಮಂಡಳಿಯ ಸಹಾಯಧನ ಪಡೆದು ಅಪ್ಪ ಮೂರೆಕರೆ ರಬ್ಬರ್ ನೆಟ್ಟಿದ್ದರು. ಏಳು ವರ್ಷ ಮಕ್ಕಳಂತೆ ಸಾಕಿ ಆಮೇಲೆ ಟ್ಯಾಪಿಂಗ್ ಶುರು. ಪಟ್ಟಣದ ನನ್ನ ಗೆಳತಿಯರಿಗೆ ರಬ್ಬರೆಂದರೆ ಸಾಲು ಸಾಲು ಮರಗಳ ತಂಪು ನೆರಳು. ಆ ನೆರಳಿನಲ್ಲಿ ಬೆಳಗಿನ ಜಾವ ತಲೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ಓಡುವವನ ಬೆವರು ಅವರಿಗೆ ಕಾಣದು. ಬಿಸಿಲೇರುವ ಮೊದಲು ತೊಗಟೆ ಕೆತ್ತಬೇಕು. ಗೆರಟೆಯಲ್ಲಿ ತುಂಬಿದ ಹಾಲನ್ನು ಬಕೆಟ್ಟಿಗೆ ಸುರಿದು ತಂದು, ಸೋಸಿ, ಡಿಶ್ಶಿಗೆ ಹೊಯ್ದು ಆಸಿಡ್ ಬೆರೆಸಿ ಹೆಪ್ಪುಗಟ್ಟಿಸಬೇಕು. ಮರುದಿನ ರೋಲರಿಗೆ ಕೊಟ್ಟು ಶೀಟು ಮಾಡಿ, ನೀರಿಳಿಸಿ, ಹೊಗೆ ಕೊಡಬೇಕು. ಹೊಗೆಮನೆಯಲ್ಲಿ ಸಾಲಾಗಿ ತೂಗುವ ಹೊಂಬಣ್ಣದ ಶೀಟುಗಳನ್ನು ಬೆಳಕಿಗೆ ಹಿಡಿದು ನೋಡಿ ಅಂಗಡಿಯವನು ಇದು ನಾಲ್ಕನೇ ಗ್ರೇಡು, ಇದು ಐದು, ಇದು ಬರೀ 'ಲಾಟು' ಎಂದು ಹಣೆಬರಹ ಹೇಳುತ್ತಾನೆ.

ಶೀಟು ಅಪ್ಪನದು, ಆಮೇಲೆ ಅಣ್ಣನದು. ಸ್ಕ್ರಾಪು ಅವ್ವನದು. ಹಾಲು ಇಳಿದು ನಿಂತ ಮೇಲೆ ಕೆತ್ತಿದ ಗೆರೆಯಲ್ಲಿ ಒಣಗಿ ಉಳಿಯುವ ನಾರು, ಗೆರಟೆಯ ತಳದಲ್ಲಿ ಅಂಟಿದ ಗಟ್ಟಿ, ನೆಲಕ್ಕೆ ಸುರಿದು ಮಣ್ಣು ಹತ್ತಿದ ಉಂಡೆ, ಇವೆಲ್ಲ ಸ್ಕ್ರಾಪು. ಮಲಯಾಳಿಗಳು ಅದನ್ನು ಒಟ್ಟುಪಾಲು ಎನ್ನುತ್ತಾರೆ. ಶೀಟಿಗಿಂತ ದರ ತುಂಬ ಕಡಿಮೆ, ನಾತ ತುಂಬ ಹೆಚ್ಚು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಳೆಯ ಗೋಣಿಚೀಲ ಹಿಡಿದು ಮರ ಮರಕ್ಕೂ ಹೋಗಿ ಅದನ್ನು ಕಿತ್ತು ತರುತ್ತಿದ್ದಳು. ಕೊಟ್ಟಿಗೆಯ ಮೂಲೆಯಲ್ಲಿ ಚೀಲ ತುಂಬಿದ ಮೇಲೆ ಪಾಣತ್ತೂರಿಗೆ ಹೋಗುವ ಜೀಪಿನಲ್ಲಿ ಹಾಕಿ ಕಳುಹಿಸುವಳು. ಆ ದುಡ್ಡಿನ ಲೆಕ್ಕವನ್ನು ಅಪ್ಪ ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ನನ್ನ ಹೈಸ್ಕೂಲಿನ ಯೂನಿಫಾರ್ಮು, ಟೀಚರ್ಸ್ ಟ್ರೇನಿಂಗಿಗೆ ಹೋಗುವಾಗ ಕೊಂಡ ಟ್ರಂಕು, ಅಕ್ಕನ ಬಾಣಂತನದ ಎಣ್ಣೆ, ಕಾಷಾಯ, ಎಲ್ಲವೂ ಆ ನಾತದ ಚೀಲದಿಂದ ಬಂದವು. ಹೊಲಸೆಂದು ಮೂಗು ಮುಚ್ಚಿದರೆ, "ನಿನ್ನ ಪುಸ್ತಕ ತೆಗೆದು ಮೂಸಿ ನೋಡು, ಇದೇ ವಾಸನೆ ಬರುತ್ತದೆ" ಎನ್ನುವಳು.

೧೯೯೯ರಿಂದ ೨೦೦೨ರ ಒಳಗೆ ನಮ್ಮ ಕಡೆ ಎಲ್ಲ ದರಗಳೂ ಒಟ್ಟಿಗೆ ಬಿದ್ದವು. ಮೊದಲೆಲ್ಲ ಒಂದು ಬಿದ್ದರೆ ಇನ್ನೊಂದು ಕೈಹಿಡಿಯುತ್ತಿತ್ತು; ಅಡಕೆ ಕೈಕೊಟ್ಟ ವರ್ಷ ಮೆಣಸು, ಮೆಣಸಿಗೆ ರೋಗ ಬಂದ ವರ್ಷ ರಬ್ಬರು. ಈ ಸಲ ಹಾಗಾಗಲಿಲ್ಲ. ವಿಯೆಟ್ನಾಂ ರೋಬಸ್ಟಾ ಬೆಳೆದು ಜಗತ್ತಿಗೆಲ್ಲ ಸುರಿದು ಕಾಫಿಯ ದರ ಬಿತ್ತು. ೧೯೯೯ರಲ್ಲಿ ಕಿಲೋಗೆ ೨೦೦ ರೂಪಾಯಿ ದಾಟಿದ್ದ ಒಳ್ಳೆಮೆಣಸು ಮೂರು ವರ್ಷದಲ್ಲಿ ಅದರ ಅರ್ಧಕ್ಕಿಂತ ಕೆಳಗೆ ಬಂತು. ೧೯೯೮ರ ಡಿಸೆಂಬರಿನಲ್ಲಿ ಸಹಿಯಾದ ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರದ ಒಪ್ಪಂದ ೨೦೦೦ದ ಮಾರ್ಚಿನಿಂದ ಜಾರಿಗೆ ಬಂದಿತ್ತು. ೨೦೦೧ರ ಏಪ್ರಿಲ್ ಒಂದರಿಂದ ಆಮದಿನ ಮೇಲಿದ್ದ ಪ್ರಮಾಣದ ಕಟ್ಟುಪಾಡುಗಳೂ ಹೋದವು. ಚಾಲಿ ಅಡಕೆ ಕುಸಿಯಿತು. ತೆಂಗಿನಕಾಯಿ ಕೀಳಿಸುವ ಕೂಲಿಯೂ ಹುಟ್ಟದೆ ಮರದಲ್ಲೇ ಬಿಟ್ಟರು. ರಬ್ಬರು ೩೦ ರೂಪಾಯಿಯ ಆಚೀಚೆ ನೇತಾಡುತ್ತಿತ್ತು.

ಲಂಕೆಯ ಮಾತು ಬಂದಾಗ ಒಂದು ನೆನಪು. ನಮ್ಮಲ್ಲಿ ಟ್ಯಾಪಿಂಗಿಗೆ ಬರುತ್ತಿದ್ದಾತ ಲಂಕೆಯಿಂದ ಬಂದ ತಮಿಳರ ಕುಟುಂಬದವನು. ೧೯೬೪ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದಂತೆ ಹಿಂದಕ್ಕೆ ಬಂದವರಿಗೆಂದು ಸುಳ್ಯ, ಪುತ್ತೂರಿನ ಕಡೆ ಸರಕಾರವೇ ರಬ್ಬರ್ ತೋಟ ಮಾಡಿತ್ತಲ್ಲ, ಅಲ್ಲಿ ಬೆಳೆದವನು. ಮೆಣಸಿನ ಸುದ್ದಿ ಕೇಳಿ, "ಮೊದಲು ನಮ್ಮನ್ನು ಕಳುಹಿಸಿದರು, ಈಗ ಮೆಣಸು ಕಳುಹಿಸುತ್ತಿದ್ದಾರೆ" ಎಂದು ನಕ್ಕಿದ್ದ. ನಗಲು ಅವನಿಗೆ ಸಾಧ್ಯವಾಗಿತ್ತು. ಮುಂದಿನ ತಿಂಗಳು ಅವನನ್ನು ಬಿಡಿಸಬೇಕಾಯಿತು. ಟ್ಯಾಪಿಂಗ್ ಕೂಲಿ, ಆಸಿಡ್ಡು, ಸೌದೆ ಕಳೆದರೆ ಶೀಟಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಮರ ಕೆತ್ತುವುದು ನಿಂತಿತು. ಅಪ್ಪನ ಶೀಟು ನಿಂತದ್ದು ಎಲ್ಲರ ಬಾಯಲ್ಲೂ ಬಂತು. ಅವ್ವನ ಚೀಲ ಬರಿದಾದದ್ದನ್ನು ಯಾರೂ ಹೇಳಲಿಲ್ಲ.

ಆ ವರ್ಷದ ಓಣಂ ಹೊತ್ತಿಗೆ ಅಕ್ಕ, ಭಾವ ಬಂದಿದ್ದರು. ಅಕ್ಕನನ್ನು ಕೊಟ್ಟದ್ದು ಪಾಣತ್ತೂರಿನ ಹತ್ತಿರ. ಅವರೂ ಅರೆಭಾಷೆಯವರೇ, ಆದರೆ ಮೂರು ತಲೆಮಾರಿನಿಂದ ಕೇರಳದ ರಾಜಕೀಯದಲ್ಲಿ ಮಿಂದವರು. ಭಾವನಿಗೆ ಕೆಂಪು ಬಾವುಟದ ಮೇಲೆ ಪ್ರೀತಿ. ಜಗಳ ಶುರುವಾಯಿತು. ಪೂಲ್ ಒಡೆದದ್ದರ ಶಾಪ ಇದು ಎಂದರು ಅಪ್ಪ. ಪೂಲಿಗೂ ರಬ್ಬರಿಗೂ ಎಂಥ ಸಂಬಂಧ, ನಮ್ಮನ್ನು ಪೇಟೆಗೆ ಬಿಟ್ಟದ್ದು ತಪ್ಪಲ್ಲ, ಹೊರಗಿನವರಿಗೆ ಅದೇ ಪೇಟೆಯ ಬಾಗಿಲು ಸುಂಕವಿಲ್ಲದೆ ತೆರೆದದ್ದು ತಪ್ಪು ಎಂದ ಅಣ್ಣ. ಎರಡೂ ಒಂದೇ ಬಾಗಿಲು ಭಾವಾ, ನೀವು ಹೊರಗೆ ಹೋಗುವುದಕ್ಕೆ ತೆರೆದರೆ ಅವರೂ ಒಳಗೆ ಬರುತ್ತಾರೆ, ಅಂದರು ಭಾವ. ಕೇಂದ್ರ ಸರಕಾರ ಆಗ ನಾಲ್ಕನೇ ಗ್ರೇಡಿನ ಶೀಟಿಗೆ ೩೨ ರೂಪಾಯಿಯ ಆಸುಪಾಸಿನಲ್ಲಿ ಕನಿಷ್ಠ ದರ ಸಾರಿತ್ತು. ಸಾರಿದ್ದೇನೋ ಸರಿ, ಕೊಳ್ಳುವವರಾರು? ಅಂಗಡಿಯವನು ಆ ದರದ ಕಾಗದವನ್ನು ಗೋಡೆಗೆ ಅಂಟಿಸಿಕೊಂಡು ನಮ್ಮ ಶೀಟನ್ನು 'ಲಾಟು' ಎಂದು ಎತ್ತಿಡುತ್ತಿದ್ದ. ಅಣ್ಣನಿಗೆ ಮರ ಕಡಿದು ಸೌದೆಗೋ ಪ್ಲೈವುಡ್ಡಿಗೋ ಮಾರಿ, ಬಂದ ದುಡ್ಡಿನಲ್ಲಿ ಸಾಲ ತೀರಿಸಿ ಬೆಂಗಳೂರಿಗೆ ಹೋಗುವ ಮನಸ್ಸು. ಅಪ್ಪ, ನಾನು ಸತ್ತ ಮೇಲೆ ಕಡಿ, ಎಂದುಬಿಟ್ಟರು.

ಈ ನಡುವೆ ನಾನೊಬ್ಬಳು ಮಡಿಕೇರಿಯಲ್ಲಿ ಸರಕಾರಿ ಟೀಚರು, ತಿಂಗಳ ಕೊನೆಗೆ ಸಂಬಳ ಎಣಿಸುವವಳು. ಪೇಟೆಯ ಮಾತನ್ನು ನಾನು ಹೇಳಬೇಕಿತ್ತು, ಹೇಳಿದೆ. ತಾಳೆ ಎಣ್ಣೆ ಬಂದು ಅಡುಗೆ ಎಣ್ಣೆ ಅಗ್ಗವಾದದ್ದರಿಂದ ಎಷ್ಟೋ ಮನೆಗಳಲ್ಲಿ ಒಗ್ಗರಣೆಗೆ ಎಣ್ಣೆ ಬಿದ್ದಿದೆ. ಕೊಳ್ಳುವವರೂ ಈ ದೇಶದವರೇ, ಬೆಳೆಯುವವರು ಮಾತ್ರವಲ್ಲ ಎಂದೆ. ಅಣ್ಣ ಸಿಟ್ಟಾಗಲಿಲ್ಲ. "ಸರಿ ತಂಗೀ, ಬೆಲೆ ಏರಿದರೆ ನಿನಗೆ ಡಿ.ಎ. ಬರುತ್ತದೆ. ನಮ್ಮ ಬೆಲೆ ಇಳಿದರೆ ನಮಗೆ ಎಂಥದು ಬರುತ್ತದೆ?" ಎಂದ. ವರ್ಷಕ್ಕೆರಡು ಬಾರಿ ತುಟ್ಟಿಭತ್ಯೆಯ ಆದೇಶ ಸ್ಟಾಫ್ ರೂಮಿಗೆ ಬಂದಾಗಲೆಲ್ಲ ಆ ಪ್ರಶ್ನೆ ನನ್ನ ಜೊತೆ ಕುಳಿತು ಅದನ್ನು ಓದಿದೆ. ನಮ್ಮವರು ಇದಕ್ಕೆ, ಬೆಳೆಗಾರರಿಗೆ ಆದಾಯ ತೆರಿಗೆ ಇಲ್ಲವಲ್ಲ ಎಂದು ಉತ್ತರ ಸೂಚಿಸಿದರು. ಮೂವತ್ತು ರೂಪಾಯಿಯ ರಬ್ಬರಿಗೆ ಆ ಉತ್ತರ ಹೊಂದಿಸಲು ನನಗೆ ಬಾಯಿ ಬರಲಿಲ್ಲ. ಇನ್ನೊಂದು ಮಾತು: ರಬ್ಬರು ಅಷ್ಟು ಅಗ್ಗವಾದ ವರ್ಷಗಳಲ್ಲಿ ನಮ್ಮ ಸ್ಕೂಟರಿನ ಟೈರಿಗೆ ಒಂದು ರೂಪಾಯಿ ಕಡಿಮೆಯಾದದ್ದನ್ನು ನಾನು ಕಂಡಿಲ್ಲ.

ಅಪ್ಪನಿಗೆ ಸಮಾಧಾನ ಹೇಳುವವರು ಕ್ಯಾಂಪ್ಕೊದ ಉದಾಹರಣೆ ಕೊಡುತ್ತಿದ್ದರು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಕೆ ಹೀಗೆಯೇ ಬಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಬೆಳೆಗಾರರು ಸೇರಿ ೧೯೭೩ರಲ್ಲಿ ಕಟ್ಟಿದ ಸಹಕಾರಿ ಸಂಸ್ಥೆ ಅದು. ಸರಕಾರವೂ ಬೇಡ, ಸಾಹುಕಾರನೂ ಬೇಡ, ನಾವೇ ಕೊಳ್ಳುತ್ತೇವೆ ಎಂಬ ಮೂರನೆಯ ದಾರಿ. ಕರ್ನಾಟಕ, ಕೇರಳ ಎರಡೂ ಕಡೆಯ ಅಡಕೆ ಅಲ್ಲಿ ಒಂದೇ ತಕ್ಕಡಿಗೆ ಬೀಳುತ್ತದೆ ಎನ್ನುವುದು ನನಗಂತೂ ದೊಡ್ಡ ಸಂಗತಿ. ರಬ್ಬರಿಗೆ ಆ ಭಾಗ್ಯ ನಮ್ಮೂರಲ್ಲಿ ಇರಲಿಲ್ಲ.

ಅವ್ವ ಏನು ಮಾಡಿದಳು? ೨೦೦೦-೦೧ರಲ್ಲಿ ಸರಕಾರ ಸ್ತ್ರೀಶಕ್ತಿ ಯೋಜನೆ ತಂದಿತ್ತು. ಅಂಗನವಾಡಿ ಟೀಚರು ಮನೆ ಮನೆಗೆ ಬಂದು ಗುಂಪು ಕಟ್ಟಿದಳು. ವಾರಕ್ಕೆ ಹತ್ತು ರೂಪಾಯಿ. ಎಪ್ಪತ್ತರ ಹತ್ತಿರದ ಅವ್ವ ಹೆಬ್ಬೆಟ್ಟಲ್ಲ, ಸಹಿ ಹಾಕುತ್ತೇನೆ ಎಂದು ಹಟಮಾಡಿ ಸೇರಿದಳು. ಆ ಹತ್ತು ರೂಪಾಯಿಗೆ ಈಗ ಅವಳು ಅಣ್ಣನ ಮುಂದೆ ಕೈಯೊಡ್ಡಬೇಕಿತ್ತು. ಒಡ್ಡಲಿಲ್ಲ. ಕೆತ್ತದೆ ಬಿಟ್ಟ ಮರಗಳ ಬುಡದಲ್ಲಿ ಹಳೆಯ ವರ್ಷಗಳ ಮಣ್ಣುಗಟ್ಟಿದ ಸ್ಕ್ರಾಪನ್ನು ಕತ್ತಿಯ ಮೊನೆಯಿಂದ ಕೆದಕಿ ಕೆದಕಿ ತಂದು, ತೊಳೆದು, ಒಣಗಿಸಿ ಮಾರಿದಳೆಂದು ಅತ್ತಿಗೆ ನನಗೆ ಫೋನಿನಲ್ಲಿ ಹೇಳಿದರು. ಯಾವ ಪಕ್ಷಕ್ಕೂ ಅವಳು ಸೇರಲಿಲ್ಲ. ಅವಳ ವಾದ ಒಂದೇ: ನಾವು ಮಾರುವುದಕ್ಕೆ ದರ ಇಳಿಯುತ್ತದೆ, ನಾವು ಕೊಳ್ಳುವುದಕ್ಕೆ ಯಾಕೆ ಇಳಿಯುವುದಿಲ್ಲ? ಅಪ್ಪ, ಅಣ್ಣ, ಭಾವ ಮೂವರೂ ತಮ್ಮ ತಮ್ಮ ಉತ್ತರ ಕೊಟ್ಟರು. ಅವಳಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ.

ವೆನಿಲ್ಲಾದ ಕತೆಯನ್ನು ಹೆಚ್ಚು ಬೆಳೆಸುವುದಿಲ್ಲ. ೨೦೦೩ರಲ್ಲಿ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿದಾಗ ಅಣ್ಣನೂ ಬಳ್ಳಿ ನೆಟ್ಟ. ಮಡಗಾಸ್ಕರಿನಲ್ಲಿ ೨೦೦೦ದಲ್ಲಿ ಬೀಸಿದ ಚಂಡಮಾರುತ ಅಲ್ಲಿನ ಬೆಳೆಯನ್ನು ಹಾಳುಮಾಡಿದ್ದರ ಫಲ ಅದು. ವೆನಿಲ್ಲಾ ಹೂವಿಗೆ ನಮ್ಮ ದುಂಬಿಗಳು ಸಾಲವು, ಹೆಂಗಸರು ಬೆಳಿಗ್ಗೆ ಕಡ್ಡಿ ಹಿಡಿದು ಒಂದೊಂದು ಹೂವಿಗೂ ಪರಾಗಸ್ಪರ್ಶ ಮಾಡಬೇಕು. ಅತ್ತಿಗೆ ಕತ್ತು ನೋವು ಬರುವಷ್ಟು ಮಾಡಿದರು. ಕೋಡು ಕಳ್ಳರ ಕಾವಲಿಗೆ ಅಣ್ಣ ರಾತ್ರಿ ನಿದ್ದೆಗೆಟ್ಟ. ೨೦೦೫ರ ಹೊತ್ತಿಗೆ ಕಾಯುವುದಕ್ಕೆ ಏನೂ ಉಳಿಯಲಿಲ್ಲ. ಮರುವರ್ಷ ಬಳ್ಳಿ ಕಿತ್ತು ಆ ಜಾಗದಲ್ಲಿ ಮತ್ತೆ ರಬ್ಬರನ್ನೇ ಇಟ್ಟ. ೨೦೦೭ರಲ್ಲಿ ಅಪ್ಪ ಹೋದರು. ಅಷ್ಟರಲ್ಲಿ ದರ ಚೇತರಿಸಿಕೊಂಡಿತ್ತು, ಅಪ್ಪನ ಹಳೆಯ ಮರಗಳನ್ನು ಅಣ್ಣ ಕಡಿಯಲಿಲ್ಲ.

೨೦೦೯ರಲ್ಲಿ ಆಸಿಯಾನ್ ದೇಶಗಳ ಜೊತೆ ಒಪ್ಪಂದವಾದಾಗ ಜಗಳ ಮತ್ತೆ ಹೊತ್ತಿತು. ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ ಜಗತ್ತಿಗೆಲ್ಲ ಹಿಂಜರಿತ ಹಬ್ಬಿದ್ದ ಕಾಲ ಅದು. ಆ ಅಕ್ಟೋಬರ್ ೨ರಂದು ಕೇರಳದ ಎಡಪಕ್ಷಗಳು ಕಾಸರಗೋಡಿನಿಂದ ತಿರುವನಂತಪುರದ ತನಕ ಮಾನವ ಸರಪಳಿ ಕಟ್ಟಿದವು. ಭಾವ ಅದರಲ್ಲಿ ನಿಂತರು, ಅಕ್ಕನನ್ನೂ ಕರೆದುಕೊಂಡು ಹೋದರು. ರಬ್ಬರನ್ನು ಒಪ್ಪಂದದಿಂದ ಹೊರಗಿಟ್ಟಿದ್ದಾರೆ, ಯಾತಕ್ಕೆ ಕೈ ಕೈ ಹಿಡಿದು ಬಿಸಿಲಿಗೆ ನಿಂತಿರಿ ಎಂದು ಅಣ್ಣ ಗೇಲಿ ಮಾಡಿದ. ಮೆಣಸು, ಕಾಫಿ, ತಾಳೆ ಎಣ್ಣೆ ಒಳಗೇ ಇವೆ, ವರ್ಷ ವರ್ಷ ಸುಂಕ ಇಳಿಸುತ್ತಾರೆ, ಓದಿದ್ದೀರಾ ಎಂದರು ಭಾವ. ಇಬ್ಬರ ಮಾತೂ ಸರಿಯಿತ್ತು. ಎರಡು ವರ್ಷ ಕಳೆದು ೨೦೧೧ರಲ್ಲಿ ರಬ್ಬರು ೨೪೦ ರೂಪಾಯಿಯ ಹತ್ತಿರ ಹೋದಾಗ, ಅಪ್ಪ ಕಡಿಯಗೊಡದ ಆ ಮುದಿ ಮರಗಳೇ ಅಣ್ಣನ ಸಾಲವನ್ನೆಲ್ಲ ತೀರಿಸಿದವು. ಅವ್ವನ ಸ್ಕ್ರಾಪಿಗೂ ಅವಳು ಹುಟ್ಟಿದಂದಿನಿಂದ ಕಾಣದ ದರ ಬಂತು. ಅವಳಿಂದ ಆಗ ನಡೆಯಲಾಗುತ್ತಿರಲಿಲ್ಲ. ಅತ್ತಿಗೆ ಹೆಕ್ಕಿ ತಂದು, ಮಾರಿ, ದುಡ್ಡನ್ನು ಅವಳ ಕೈಗೇ ಕೊಡುತ್ತಿದ್ದರು.

ನಿಜವಾದ ಪೆಟ್ಟು ಬಿದ್ದದ್ದು ೨೦೧೫ರಲ್ಲಿ. ದರ ಮತ್ತೆ ಇಳಿಯುತ್ತಿತ್ತು. ೨೦೧೬ರ ಆರಂಭಕ್ಕೆ ೧೦೦ಕ್ಕಿಂತ ಕೆಳಗೆ ಹೋಯಿತು. ವೆನಿಲ್ಲಾದ ಜಾಗದಲ್ಲಿಟ್ಟ ಗಿಡಗಳು ಆಗಷ್ಟೇ ಹಾಲಿಗೆ ಬಂದಿದ್ದವು. ಕೇರಳದ ಹಣಕಾಸು ಮಂತ್ರಿಯಾಗಿದ್ದ ಕೆ.ಎಂ. ಮಾಣಿಯವರು ೨೦೧೫ರ ಬಜೆಟ್ಟಿನಲ್ಲಿ ರಬ್ಬರಿಗೆಂದು ೩೦೦ ಕೋಟಿ ರೂಪಾಯಿ ಇಟ್ಟರು. ಸಣ್ಣ ಬೆಳೆಗಾರರಿಗೆ ಕಿಲೋಗೆ ೧೫೦ ರೂಪಾಯಿಯ ಖಾತರಿ. ಮಾರಿದ ಬಿಲ್ಲನ್ನು ರಬ್ಬರ್ ಉತ್ಪಾದಕರ ಸಂಘದ ಮೂಲಕ ಕೊಟ್ಟರೆ, ಆ ದಿನದ ದರಕ್ಕೂ ೧೫೦ಕ್ಕೂ ಇರುವ ವ್ಯತ್ಯಾಸ ಬ್ಯಾಂಕ್ ಖಾತೆಗೆ ಬೀಳುತ್ತದೆ. ಅಕ್ಕನ ಖಾತೆಗೆ ತಡವಾಗಿಯಾದರೂ ಬಿತ್ತು. ಗಡಿಯ ಈಚೆ ಕರಿಕೆಯಲ್ಲಿ ಅದೇ ಮಳೆ, ಅದೇ ತಳಿಯ ಮರ, ಮಾರುವುದೂ ಅದೇ ಪಾಣತ್ತೂರಿನ ಅಂಗಡಿಗೆ. ಆದರೆ ನಮ್ಮ ಸರಕಾರದಿಂದ ಅಂಥ ಯೋಜನೆ ಬರಲಿಲ್ಲ. ಕರ್ನಾಟಕಕ್ಕೆ ರಬ್ಬರೆಂದರೆ ಮೂಲೆಯ ಎರಡು ಮೂರು ಜಿಲ್ಲೆ, ಕೇರಳಕ್ಕೆ ಅದು ಉಸಿರು. ಓಟಿನ ಲೆಕ್ಕ ಬೇರೆ ಬೇರೆ.

ಭಾವ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: ನಿಮ್ಮ ಶೀಟನ್ನೂ ನನ್ನ ಹೆಸರಿನ ಬಿಲ್ಲಿನಲ್ಲಿ ಸೇರಿಸೋಣ, ನನಗೆ ಇರುವ ಮಿತಿ ತುಂಬಿಲ್ಲ, ಬಂದದ್ದನ್ನು ನಿಮಗೆ ಕೊಡುತ್ತೇನೆ. ಎಷ್ಟೋ ಜನ ಹಾಗೆ ಮಾಡಿಯಾರು, ಯಾರು ಕೇಳುತ್ತಾರೆ? ಅಣ್ಣ ಬೇಡ ಎಂದ. ಅಷ್ಟೇ ಹೇಳಿ ನಿಲ್ಲಿಸಿದ್ದರೆ ಮುಗಿಯುತ್ತಿತ್ತು. "ಬಾಗಿಲು ತೆರೆಯಿರಿ ಎಂದವನು ನಾನು. ನಿಮ್ಮ ಸರಕಾರದ ಭಿಕ್ಷೆ ನಿಮಗೇ ಇರಲಿ" ಎಂದುಬಿಟ್ಟ. ಭಿಕ್ಷೆ ಎಂಬ ಮಾತು ಅಕ್ಕನಿಗೆ ನಾಟಿತು. ಅವಳು ಅದನ್ನು ಹಕ್ಕು ಎಂದು ತಿಳಿದಿದ್ದಳು. ಅದಕ್ಕಾಗಿ ಬಿಸಿಲಿಗೆ ನಿಂತವಳು. ಅಂದು ಹೊರಟವಳು ಎರಡು ವರ್ಷ ತವರಿನ ಮೆಟ್ಟಿಲು ತುಳಿಯಲಿಲ್ಲ. ಹುತ್ತರಿಗೂ ಬರಲಿಲ್ಲ, ಅಪ್ಪನ ತಿಥಿಗೂ ಬರಲಿಲ್ಲ. ನಾನು ಮಡಿಕೇರಿಯಿಂದ ಎರಡೂ ಕಡೆಗೆ ಫೋನು ಮಾಡಿ ಸೋತೆ. ಅಕ್ಕ ಕೇಳುತ್ತಿದ್ದುದು: ನಿನ್ನ ಡಿ.ಎ. ಭಿಕ್ಷೆಯಾ? ಅಣ್ಣ ಕೇಳುತ್ತಿದ್ದುದು: ನನ್ನ ಶೀಟು ಅವರ ಹೆಸರಿನಲ್ಲಿ ಹೋದರೆ ಅದು ಕಳ್ಳತನವಲ್ಲವಾ? ಎರಡು ಪ್ರಶ್ನೆಗಳಿಗೂ ಉತ್ತರ 'ಅಲ್ಲ' ಮತ್ತು 'ಹೌದು' ಎಂದೇ ನಾನು ಹೇಳಿದ್ದು, ಈಗಲೂ ಹೇಳುವುದು. ಅದರಿಂದ ಇಬ್ಬರಿಗೂ ನಾನು ಬೇಡವಾದೆ.

ಅವ್ವನ ನಿಲುವನ್ನು ನಾನು ಊಹಿಸಿರಲಿಲ್ಲ. ಅವಳು ಅಣ್ಣನ ಪರ ನಿಂತಳು, ಆದರೆ ಕಾರಣ ಬೇರೆ. "ಅವಳ ಗಂಡನ ಖಾತೆಗೆ ಬಂದ ದುಡ್ಡನ್ನು ಅವಳು ತವರಿಗೆ ಎಣಿಸಿ ಕೊಡಬೇಕು. ಇವತ್ತು ಕೊಡುತ್ತಾಳೆ. ನಾಳೆ ಅವಳ ಮಗ ಕೇಳಿಯಾನು. ಅವಳಿಗೆ ಆ ಮನೆಯಲ್ಲಿ ತಲೆ ತಗ್ಗಿಸುವ ದಿನ ಬರಬಾರದು." ಸ್ವಂತಕ್ಕೆಂದು ನಾತದ ಚೀಲ ಒಂದನ್ನೇ ಇಟ್ಟುಕೊಂಡು ಬಾಳಿದವಳ ಮಾತು ಅದು. ೨೦೧೭ರ ಮಳೆಗಾಲದಲ್ಲಿ ಅವಳು ಹಾಸಿಗೆ ಹಿಡಿದಾಗ ಅಕ್ಕ ಬಂದಳು, ಹದಿನೆ೦ಟು ದಿನ ಇದ್ದಳು, ಅಣ್ಣ ಅವಳು ಮಾಡಿದ ಗಂಜಿ ಕುಡಿದ. ಭಿಕ್ಷೆಯ ಮಾತು ಯಾರೂ ಎತ್ತಲಿಲ್ಲ. ಅವ್ವನ ಕಪಾಟಿನಲ್ಲಿ ಸ್ತ್ರೀಶಕ್ತಿಯ ಪಾಸ್‌ಬುಕ್ಕು, ಆ ಎರಡು ಬಳೆ ಸಿಕ್ಕವು. ಬಳೆ ಒಂದೊಂದಾಗಿ ನಮ್ಮಿಬ್ಬರಿಗೆ ಬಂದವು. ಪಾಸ್‌ಬುಕ್ಕಿನಲ್ಲಿದ್ದದ್ದನ್ನು ಅತ್ತಿಗೆಗೆ ಕೊಡಬೇಕೆಂದು ಅವಳೇ ಹೇಳಿಟ್ಟಿದ್ದಳು.

ಕೇರಳದ ಖಾತರಿ ೨೦೨೧ರಲ್ಲಿ ೧೭೦ ಆಯಿತು, ೨೦೨೪ರಲ್ಲಿ ೧೮೦. ಮೆಣಸಿಗೆ ೨೦೧೭ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಕಿಲೋಗೆ ೫೦೦ ರೂಪಾಯಿಯ ಕನಿಷ್ಠ ಆಮದು ದರ ಕಟ್ಟಿತು. ಬಾಗಿಲು ತೆರೆಯಿರಿ ಎಂದಿದ್ದ ಅಣ್ಣ ಅದನ್ನು ಸ್ವಾಗತಿಸಿದ್ದನ್ನು ಭಾವ ಮರೆತಿಲ್ಲ. ೨೦೨೪ರ ಆಗಸ್ಟಿನಲ್ಲಿ ರಬ್ಬರು ಯಾವ ಖಾತರಿಯನ್ನೂ ಕೇಳದೆ ತಾನಾಗಿಯೇ ೨೪೦ ದಾಟಿತು. ಗಡಿಯ ಆಚೆ ಈಚೆ ಒಂದೇ ದರ. ಹತ್ತು ವರ್ಷದಲ್ಲಿ ಮೊದಲ ಸಲ ಅಕ್ಕನಿಗೂ ಅಣ್ಣನಿಗೂ ಲೆಕ್ಕ ಸಮವಾಗಬೇಕಿತ್ತು. ಆದರೆ ದರವಿಲ್ಲದ ವರ್ಷಗಳಲ್ಲಿ ಟ್ಯಾಪಿಂಗಿನವರು ಬೇರೆ ಕೆಲಸ ಹಿಡಿದಿದ್ದರು. ಆ ಮಳೆಗಾಲಕ್ಕೆ ಅಣ್ಣ ಮರಗಳಿಗೆ ಪ್ಲಾಸ್ಟಿಕ್ಕೂ ಹೊದೆಸಿರಲಿಲ್ಲ. ಹಾಲು ತುಂಬಿದ ಮರಗಳು ಕರಿಕೆಯ ಮಳೆಯಲ್ಲಿ ಸುಮ್ಮನೆ ನೆನೆಯುತ್ತಿದ್ದವು, ಹೊಗೆಮನೆಯಲ್ಲಿ ಒಂದು ಶೀಟೂ ಇರಲಿಲ್ಲ.

ಆ ವಾರ ನಾನು ಊರಲ್ಲಿದ್ದೆ. ಭಾವ ಫೋನಿನಲ್ಲಿ, ಈಗ ಟೈರಿನವರು ಆಮದಿಗೆ ಅವಸರ ಮಾಡುತ್ತಾರೆ ನೋಡಿ ಎನ್ನುತ್ತಿದ್ದರು. ಮಾಡಲಿ, ನಮಗೆ ದರ ಸಿಕ್ಕುವಾಗ ಅವರಿಗೆ ರಬ್ಬರ್ ಸಿಕ್ಕುವುದು ಬೇಡವಾ ಎಂದು ಅಣ್ಣ. ಎಪ್ಪತ್ತರ ಹೊಸ್ತಿಲಲ್ಲಿ ಇಬ್ಬರಿಗೂ ಧ್ವನಿ ಇಳಿದಿಲ್ಲ. ಅತ್ತಿಗೆ ಜಗಲಿಯ ಮೂಲೆಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಲೆಕ್ಕ ಬರೆಯುತ್ತ, ಮುಂದಿನ ಮಳೆಗೆ ಮೊದಲು ಮರಕ್ಕೆ ಹೊದೆಸುವ ಪ್ಲಾಸ್ಟಿಕ್ಕಿಗೆ ಮಡಿಕೇರಿಯಲ್ಲಿ ಕಿಲೋಗೆ ಎಷ್ಟಿದೆಯೆಂದು ನನ್ನನ್ನು ಕೇಳಿದರು.